ಟ್ರೌಟ್‌ಗೆ ರಜೆ, ಗ್ರೇಲಿಂಗ್‌ಗೆ ಗಾಳ

ಇಂಗ್ಲೆಂಡಿನ ಎಷ್ಟೋ ನದಿಗಳಲ್ಲಿ ಸೆಪ್ಟೆಂಬರ್ 30ಕ್ಕೆ ಟ್ರೌಟ್ ಮೀನಿನ ಋತು ಮುಗಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ಇನ್ನೊಂದು ವಾರ, ಅಕ್ಟೋಬರ್ 6ರವರೆಗೆ. ಚಳಿಗಾಲದಲ್ಲಿ ಮೊಟ್ಟೆಯಿಡುವ ಮೀನನ್ನು ಆಮೇಲೆ ಅದರ ಪಾಡಿಗೆ ಬಿಡಬೇಕು. ಆದರೆ ಅದೇ ನೀರಿನಲ್ಲಿ ಅದೇ ಸಾಲ್ಮನ್ ಕುಲದ ಇನ್ನೊಂದು ಮೀನಿದೆ: ಬೂದುಬೆಳ್ಳಿ ಮೈಯ, ಬೆನ್ನ ಮೇಲೆ ಹಾಯಿಯಂಥ ದೊಡ್ಡ ರೆಕ್ಕೆಯ ಗ್ರೇಲಿಂಗ್. ಅದು ಮೊಟ್ಟೆಯಿಡುವುದು ವಸಂತದಲ್ಲಿ. ಹಾಗಾಗಿ ಇಂಗ್ಲೆಂಡಿನ ಕಾನೂನು ಅದನ್ನು ಟ್ರೌಟ್ ಪಂಕ್ತಿಯಲ್ಲಿ ಕೂರಿಸಿಲ್ಲ. ಸಾಮಾನ್ಯ ಮೀನುಗಳ ಜೊತೆ ಸೇರಿಸಿ, ಮಾರ್ಚ್ 15ರಿಂದ ಜೂನ್ 15ರವರೆಗೆ ಮಾತ್ರ ಹಿಡಿಯಬಾರದೆಂದಿದೆ. ಗ್ರೇಲಿಂಗ್ ಬೇಟೆಯ ಕಲೆ ಬೆಳೆದದ್ದು ಈ ಪಂಕ್ತಿಭೇದದ ನೆರಳಿನಲ್ಲೇ. ಟ್ರೌಟ್ ಸಿಗದ ತಿಂಗಳುಗಳಲ್ಲಿ ಮಾತ್ರ ನೆನಪಾಗುವ ಮೀನು ಅದು.

ಕೊಕ್ಕೆಗೆ ಗರಿ, ಉಣ್ಣೆ, ರೇಷ್ಮೆದಾರ ಸುತ್ತಿ ನೀರಿನ ಹುಳುವೆಂದು ಮೀನನ್ನು ನಂಬಿಸುವ ವಿದ್ಯೆಯೇ ಫ್ಲೈ ಫಿಶಿಂಗ್. ಐಸಾಕ್ ವಾಲ್ಟನ್ 1653ರಲ್ಲಿ ‘ದ ಕಂಪ್ಲೀಟ್ ಆಂಗ್ಲರ್’ ಪ್ರಕಟಿಸಿದಾಗಲೇ ಗ್ರೇಲಿಂಗ್‌ಗೆ ಒಂದು ಅಧ್ಯಾಯ ಕೊಟ್ಟಿದ್ದ. ತಿಳಿನೀರಿನಲ್ಲಿ ಫ್ಲೈ ಹಾಕುವ ಬಗೆಯನ್ನು ವಿವರವಾಗಿ ಬರೆದವನು ಅವನ ಗೆಳೆಯ ಚಾರ್ಲ್ಸ್ ಕಾಟನ್. ಡರ್ಬಿಶೈರ್‌ನ ಡವ್ ಹೊಳೆಯ ದಡದಲ್ಲಿ ಬದುಕಿದ ಕಾಟನ್ 1676ರಲ್ಲಿ ಆ ಪುಸ್ತಕಕ್ಕೆ ಸೇರಿಸಿದ ಭಾಗದ ಶೀರ್ಷಿಕೆಯಲ್ಲೇ ಟ್ರೌಟ್ ಮತ್ತು ಗ್ರೇಲಿಂಗ್ ಎರಡೂ ಇವೆ. ಆದರೂ ಗಾಳಕ್ಕೆ ಬಿದ್ದ ಮೇಲೆ ಗ್ರೇಲಿಂಗ್‌ಗೆ ಕೆಚ್ಚಿಲ್ಲ ಎಂಬುದು ಅವನ ದೂರು. ಆ ದೂರು ಮುಂದಿನ ಮುನ್ನೂರು ವರ್ಷ ಬಾಯಿಂದ ಬಾಯಿಗೆ ಸಾಗಿತು. ತಣ್ಣೀರಿನಲ್ಲಿ ಅಗಲ ರೆಕ್ಕೆಯನ್ನು ಹರಿವಿಗೆ ಅಡ್ಡ ಹಿಡಿದು ನಿಂತ ಗ್ರೇಲಿಂಗನ್ನು ಎಳೆದು ನೋಡಿದವರು ಇದನ್ನು ಒಪ್ಪಲಿಕ್ಕಿಲ್ಲ.

19ನೇ ಶತಮಾನದಲ್ಲಿ ಜನರೇ ಈ ಮೀನನ್ನು ಹೊಸ ನದಿಗಳಿಗೆ ಒಯ್ದು ಬಿಟ್ಟರು. ಹ್ಯಾಂಪ್‌ಶೈರ್‌ನ ಟೆಸ್ಟ್ ನದಿಗೆ ಅದು ಬಂದದ್ದು ಆ ಶತಮಾನದ ಆರಂಭದಲ್ಲಿ, ಸ್ಕಾಟ್ಲೆಂಡಿನ ಕ್ಲೈಡ್‌ಗೆ 1855ರಲ್ಲಿ. ಕಲೆಯಾಗಿ ಗ್ರೇಲಿಂಗ್ ಬೇಟೆಗೆ ನಿಜವಾದ ನೆಲೆ ಸಿಕ್ಕಿದ್ದು ಮಾತ್ರ ಯಾರ್ಕ್‌ಶೈರ್‌ನಲ್ಲಿ. ಲೀಡ್ಸ್ ಊರಿನ ಟಿ. ಇ. ಪ್ರಿಟ್ 1888ರಲ್ಲಿ ಈ ಮೀನಿಗೆಂದೇ ಒಂದು ಪುಸ್ತಕ ಬರೆದ. ಅದೇ ಊರಿನ ಫ್ರಾನ್ಸಿಸ್ ವಾಲ್‌ಬ್ರನ್‌ನದು 1895ರಲ್ಲಿ ಬಂತು. ನವಿಲಿನ ಗರಿಯೆಳೆಗಳ ಮೈ, ಕೆಂಪು ಉಣ್ಣೆಯ ಬಾಲದ ‘ರೆಡ್ ಟ್ಯಾಗ್’ ಎಂಬ ಫ್ಲೈ ವುಸ್ಟರ್‌ಶೈರ್‌ನಲ್ಲಿ ಹುಟ್ಟಿದ್ದು. ಅದನ್ನು ಉತ್ತರದವರ ಪೆಟ್ಟಿಗೆಗೆ ತಂದವನು ವಾಲ್‌ಬ್ರನ್. ಪ್ರಕೃತಿಯಲ್ಲಿ ಅಂಥ ಹುಳುವೇ ಇಲ್ಲ, ಆದರೂ ಗ್ರೇಲಿಂಗ್ ಅದಕ್ಕೆ ಇಂದಿಗೂ ಮರುಳಾಗುತ್ತದೆ. ವಾಲ್‌ಬ್ರನ್ ಸತ್ತದ್ದೂ ಈ ಮೀನಿನ ಬೆನ್ನು ಹತ್ತಿಯೇ: 1909ರ ಫೆಬ್ರವರಿಯಲ್ಲಿ ಯೂರ್ ನದಿಯಲ್ಲಿ ಮುಳುಗಿದ.

ಇಂಗ್ಲಿಷರ ಗಾಳದ ಹುಚ್ಚು ಆ ಹೊತ್ತಿಗೆ ನಮ್ಮ ಕರಾವಳಿಯನ್ನೂ ಮುಟ್ಟಿತ್ತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ‘ದ ರಾಡ್ ಇನ್ ಇಂಡಿಯಾ’ವನ್ನು 1873ರಲ್ಲಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ. ಮುಂದೆ ಟ್ರೌಟ್ ನೀಲಗಿರಿಯಲ್ಲಿ ನೆಲೆ ಕಂಡುಕೊಂಡಿತು. ಗ್ರೇಲಿಂಗ್‌ಗೆ ಆ ಯೋಗವಿರಲಿಲ್ಲ.

ಮರಳಿ ಇಂಗ್ಲೆಂಡಿಗೆ ಬಂದರೆ, ಯಾರ್ಕ್‌ಶೈರ್‌ಗಿಂತ ದಕ್ಷಿಣದ ಕತೆಯೇ ಬೇರೆ. ಸೀಮೆಸುಣ್ಣದ ಗುಡ್ಡಗಳಿಂದ ಹೊರಡುವ ಟೆಸ್ಟ್, ಇಚನ್‌ನಂಥ ಗಾಜಿನಂತೆ ತಿಳಿಯಾದ ನದಿಗಳಲ್ಲಿ ಟ್ರೌಟ್ ಬೇಟೆಗೆ ಭಾರಿ ಬೆಲೆ. ಟ್ರೌಟ್‌ನ ಊಟ ಕಸಿಯುತ್ತದೆ ಎಂಬ ಆರೋಪದ ಮೇಲೆ ಅಲ್ಲಿ ಗ್ರೇಲಿಂಗನ್ನು ಬಲೆಯಲ್ಲಿ ಗೋರಿ ಎಸೆಯುತ್ತಿದ್ದರು. 1901ರಲ್ಲಿ ಎಚ್. ಎ. ರೋಲ್ಟ್ ದಕ್ಷಿಣದ ಹೊಳೆಗಳ ಗ್ರೇಲಿಂಗ್ ಪರವಾಗಿ ಪುಸ್ತಕವನ್ನೇ ಬರೆದರೂ ಬಲೆಗಳು ನಿಲ್ಲಲಿಲ್ಲ.

ಈ ಚರಿತ್ರೆಯಲ್ಲಿ ನನಗೆ ಅತಿ ಸ್ವಾರಸ್ಯವೆನಿಸುವವನು ಫ್ರಾಂಕ್ ಸಾಯರ್. ವಿಲ್ಟ್‌ಶೈರ್‌ನ ಏವನ್ ನದಿಯ ಮೇಲ್ಭಾಗವನ್ನು ಕಾಯುವುದು ಅವನ ಕೆಲಸ. ಟ್ರೌಟ್ ಉಳಿಯಬೇಕಾದರೆ ಗ್ರೇಲಿಂಗ್ ಕಡಿಮೆಯಾಗಬೇಕು ಎಂದು ಅವನೂ ನಂಬಿದ್ದ. ಆ ಕೆಲಸಕ್ಕೆಂದೇ ಕಟ್ಟಿದ ಫ್ಲೈ ‘ಕಿಲ್ಲರ್ ಬಗ್’. ಕೊಕ್ಕೆಗೆ ತಾಮ್ರದ ತಂತಿ ಸುತ್ತಿ ಅದರ ಮೇಲೆ ಉಣ್ಣೆ ಸುತ್ತಿದರೆ ಮುಗಿಯಿತು: ರೆಕ್ಕೆಯಿಲ್ಲ, ಬಾಲವಿಲ್ಲ. ಆದರೆ ಉಣ್ಣೆ ಕಾಲುಚೀಲ ರಫೂ ಮಾಡಲು ಮಾರುತ್ತಿದ್ದ ಚ್ಯಾಡ್ವಿಕ್ಸ್ 477 ನಂಬರಿನದೇ ಆಗಬೇಕು. ಒಣಗಿದಾಗ ಬೂದುಗಂದು ಬಣ್ಣದ ಆ ನೂಲು ನೀರಿನಲ್ಲಿ ನೆನೆದೊಡನೆ ನಸುಗೆಂಪಾಗಿ, ನದಿತಳದ ಸಿಗಡಿಯ ಬಣ್ಣಕ್ಕೆ ತಿರುಗುತ್ತದೆ. ತಯಾರಿಕೆ ನಿಂತ ಮೇಲೆ ಹಳೆಯ ನೂಲಿನ ಕಾರ್ಡುಗಳಿಗಾಗಿ ಜನ ಅಂಗಡಿಯಿಂದ ಅಂಗಡಿಗೆ ಅಲೆದರು. ಗ್ರೇಲಿಂಗನ್ನು ತೊಲಗಿಸಲು ಹುಟ್ಟಿದ ಫ್ಲೈ, ಗ್ರೇಲಿಂಗನ್ನು ಪ್ರೀತಿಸುವವರ ಪೆಟ್ಟಿಗೆಯಲ್ಲಿ ಕಾಯಂ ಆಯಿತು. 1958ರಲ್ಲಿ ಬಂದ ಅವನ ‘ನಿಂಫ್ಸ್ ಆ್ಯಂಡ್ ದ ಟ್ರೌಟ್’ ಕಲಿಸಿದ ಪಾಠವೂ ಇದಕ್ಕೆ ಹೊಂದುವಂಥದ್ದೇ: ಭಾರದ ಫ್ಲೈಯನ್ನು ತಳಕ್ಕೆ ಮುಳುಗಿಸು, ಮೀನಿನ ಎದುರಿಗೆ ಬಂದಾಗ ಮೆಲ್ಲನೆ ಮೇಲೆತ್ತು.

ಗ್ರೇಲಿಂಗ್ ಸ್ವಭಾವಕ್ಕೆ ಇದು ಒಪ್ಪುತ್ತದೆ. ಮೇಲ್ದವಡೆ ಮುಂದೆ ಚಾಚಿದ ಬಾಯಿ ಅದಕ್ಕೆ. ತಳದ ಜಲ್ಲಿಯ ಪಕ್ಕದಲ್ಲೇ ಅದರ ವಾಸ. ಮೇಲಿನ ಹುಳಕ್ಕಾಗಿ ತಳದಿಂದ ನೇರವಾಗಿ ಎದ್ದು ಬಂದು, ಗುರಿ ತಪ್ಪಿ, ಮತ್ತೆ ಬರುತ್ತದೆ. ತಪ್ಪಿದ ಮೇಲೆ ಟ್ರೌಟ್‌ಗೆ ಬರುವ ಸಂಶಯ ಇದಕ್ಕೆ ಅಷ್ಟಾಗಿ ಬರದು.

1980ರ ದಶಕದಲ್ಲಿ ಕಲಿಸುವ ಸರದಿ ಯುರೋಪಿನ ಇತರರದಾಯಿತು. ಡಚ್ಚರ ಹಾನ್ಸ್ ವಾನ್ ಕ್ಲಿಂಕೆನ್ ನಾರ್ವೆಯ ಗ್ಲೊಮಾ ನದಿಯ ಗ್ರೇಲಿಂಗ್‌ಗಾಗಿ, ಅರ್ಧ ಮೈ ನೀರಿನೊಳಗೆ ತೂಗುವ ‘ಕ್ಲಿಂಕ್‌ಹಾಮರ್’ ಕಟ್ಟಿದ. ಪೋಲೆಂಡ್ ಮತ್ತು ಜೆಕ್ ಸ್ಪರ್ಧಿಗಳು ದೂರ ಎಸೆಯುವುದನ್ನೇ ಬಿಟ್ಟರು. ಮೀನಿನ ಹತ್ತಿರ ನಡೆದು, ಗಾಳದ ಕೋಲಿನ ತುದಿಯ ಕೆಳಗೇ ಭಾರದ ಫ್ಲೈಗಳನ್ನು ತಳದಲ್ಲಿ ಉರುಳಿಸಿ ವಿಶ್ವ ಸ್ಪರ್ಧೆಗಳಲ್ಲಿ ಗೆದ್ದರು. ಇದರಲ್ಲಿ ಅಂದವಿಲ್ಲ ಎಂದು ಹಳಬರು ಮೂಗು ಮುರಿದರು, ಆಮೇಲೆ ಸದ್ದಿಲ್ಲದೆ ಕಲಿತರು. ಫ್ಲೈಯ ಭಾರಕ್ಕೆ ಟಂಗ್‌ಸ್ಟನ್ ಮಣಿ, ಹತ್ತಡಿಯ ತೆಳು ಕೋಲು, ಫ್ಲೈ ಕಟ್ಟುವ ಫ್ರೆಂಚರ ಉದ್ದನೆಯ ಎಳೆ ಎಲ್ಲವೂ ಈ ಧಾರೆಗೇ ಸೇರಿದವು.

ಗ್ರೇಲಿಂಗ್‌ಗೆ ಗೌರವ ಬಂದದ್ದು ತಡವಾಗಿ. 1977ರಲ್ಲಿ ಗ್ರೇಲಿಂಗ್ ಸೊಸೈಟಿ ಹುಟ್ಟಿತು. ಇಂಗ್ಲೆಂಡಿನ 2010ರ ನಿಯಮದಂತೆ ದಿನಕ್ಕೆ 30ರಿಂದ 38 ಸೆಂಟಿಮೀಟರ್ ಉದ್ದದ ಎರಡು ಮೀನು ಮಾತ್ರ ಒಯ್ಯಬಹುದು. ಹೆಚ್ಚಿನವರು ಅದನ್ನೂ ಒಯ್ಯುವುದಿಲ್ಲ. ಆದರೆ ಇದು ಬಿಸಿನೀರು ತಾಳದ ಮೀನು. 2003ರ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್ ಬಳಿ ರೈನ್ ನದಿಯಲ್ಲಿ ಗ್ರೇಲಿಂಗ್‌ಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಸತ್ತು ತೇಲಿದವು.

ಚಳಿಗಾಲದ ತಕರಾರು ಬೇರೆಯೇ ಇದೆ. ಗ್ರೇಲಿಂಗ್‌ಗೆ ಗಾಳ ಹಾಕುವ ತಿಂಗಳುಗಳಲ್ಲೇ ಟ್ರೌಟ್ ಮೊಟ್ಟೆಗಳು ಜಲ್ಲಿಯೊಳಗೆ ಹುದುಗಿರುತ್ತವೆ. ಒಂದು ಬೂಟುಗಾಲು ಸಾಕು, ಗೂಡು ನಾಶ. ಹೊಸದಾಗಿ ಕೆದಕಿದ ತಿಳಿಬಣ್ಣದ ಜಲ್ಲಿ ಕಂಡಲ್ಲಿ ನೀರಿಗೆ ಇಳಿಯಬೇಡಿ, ದಡದಿಂದಲೇ ಗಾಳ ಹಾಕಿ ಎಂಬುದು ಅನುಭವಿಗಳ ಮಾತು. ಆದರೆ ಜೆಕ್ಕರು ಕಲಿಸಿದ ವಿಧಾನಕ್ಕೆ ಮೀನಿನ ಹತ್ತಿರ, ನೀರಿನ ನಡುವೆಯೇ ನಿಲ್ಲಬೇಕು.