ಅದಿರು, ಅದುರು

ಸಂಡೂರು ರಸ್ತೆಯ ಚಹಾದಂಗಡಿ. ಲಾರಿಯೊಂದು ಹಾದುಹೋದಾಗ ಕಟ್ಟೆಯ ಮೇಲಿನ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ‘ಮೈನ್ಸ್ ಲಾರಿ ಬಂದ್ರ ಎಲ್ಲಾ ಅದುರ್ತಾವ್ ನೋಡ್ರಿ’ ಎಂದರು ಅಂಗಡಿಯಮ್ಮ. ಪತ್ರಿಕೆಯವರ ಬಾಯಲ್ಲಿ ಅದೇ ಲಾರಿ ‘ಅದಿರು ಲಾರಿ’. ಅದಿರು ಹೊತ್ತದ್ದು, ಅದುರಿಸಿ ಹೋಗುವಂಥದ್ದು. ಅಂದಿನಿಂದ ಈ ಜೋಡಿ ನನ್ನ ತಲೆಯಿಂದ ಇಳಿದಿಲ್ಲ.

ನಡುಗು ಎಂಬರ್ಥದ ಹಳಗನ್ನಡದ ಅದಿರ್ ಇಂದು ಹೆಚ್ಚಾಗಿ ಅದುರು. ಅಳು ಬಂದರೆ ತುಟಿ ಅದುರುತ್ತದೆ. ಕಣ್ಣು ಅದುರಿದರೆ ಎಡವೋ ಬಲವೋ ಎಂದು ಹಿರಿಯರು ವಿಚಾರಿಸುತ್ತಾರೆ. ಲೋಹದ ಅದಿರಿಗೂ ಹಳೆಯ ನಿಘಂಟುಗಳಲ್ಲಿ ಅದುರು ಎಂಬ ರೂಪವಿದೆ. ಮಲಯಾಳದ ಅಯಿರ್ ಅದರ ದಾಯಾದಿ. ಪಂಡಿತರು ಎರಡಕ್ಕೂ ಬೇರೆ ಬೇರೆ ಬೇರು ಹೇಳುತ್ತಾರೆ, ನನ್ನ ತಕರಾರಿಲ್ಲ. ಆದರೂ ಕಡಲ ತಳದಲ್ಲಿ ಇವೆರಡೂ ಕೂಡುಕುಟುಂಬ.

1979ರಲ್ಲಿ ಮೆಕ್ಸಿಕೊ ಬಳಿ ಪೆಸಿಫಿಕ್ ಸಾಗರದ ತಳಕ್ಕಿಳಿದ ‘ಆಲ್ವಿನ್’ ನೌಕೆಯವರಿಗೆ ಕಲ್ಲಿನ ಚಿಮಣಿಗಳು ಕಂಡವು, ಅವುಗಳ ಬಾಯಿಂದ ಕಪ್ಪು ಹೊಗೆ. ಹೊಗೆಯಲ್ಲ, ಹುಟ್ಟುತ್ತಿದ್ದ ಅದಿರು. ಭೂಫಲಕಗಳು ದೂರ ಸರಿಯುವ ಅಂಥ ಕಡೆ ನೆಲ ಅದುರಿ ಬಿರುಕು ಬಿಡುತ್ತದೆ. ಬಿರುಕಿಗಿಳಿದ ಸಮುದ್ರದ ನೀರು ಶಿಲಾರಸದ ಕಾವಿಗೆ ಕಾದು, ಬಂಡೆಯ ತಾಮ್ರ, ಸತು, ಕಬ್ಬಿಣವನ್ನು ಕರಗಿಸಿಕೊಂಡು ಮೇಲೇಳುತ್ತದೆ. 350 ಡಿಗ್ರಿ ಸೆಲ್ಸಿಯಸ್ ಬಿಸಿ. ಮೇಲಿನ ನೀರಿನ ಭಾರಕ್ಕೆ ಕುದಿಯುವ ಹಾಗಿಲ್ಲ. ಹೊರಗಿನ 2 ಡಿಗ್ರಿಯ ತಣ್ಣೀರು ತಾಗಿದ್ದೇ ತಡ, ಲೋಹ ಗಂಧಕದೊಡನೆ ಕೂಡಿ ಕರಿಪುಡಿಯಾಗಿ ಉದುರುತ್ತದೆ. ಹೀಗೆ ಕೂಡಿದ್ದ ಹಳೆಯ ನಿಕ್ಷೇಪಗಳಿಗೆ ಜಪಾನೀಯರು ಇಟ್ಟ ಹೆಸರು ‘ಕುರೊಕೊ’, ಅಂದರೆ ಕರಿ ಅದಿರು.

ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಗೆ ಹೋದರೆ ಅಂಥದೊಂದು ಹಳೆಯ ಕಡಲತಳದ ಗುರುತನ್ನು ಕೈಯಿಂದ ಮುಟ್ಟಬಹುದು. ನೀರೊಳಗೆ ಉಕ್ಕಿದ ಲಾವಾರಸ ಮೈ ಹೆಪ್ಪುಗಟ್ಟಿ ದಿಂಬಿನಂತೆ ಉಬ್ಬಿ, ಒಂದರ ಮೇಲೊಂದು ಒರಗಿ ಕಲ್ಲಾಗಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಅದೇ ಸೀಮೆಯ ಇಂಗಳದಾಳ್‌ನಲ್ಲಿ ತಾಮ್ರದ ಗಣಿ ನಡೆದಿತ್ತು. ಇಂಗಳ ಎಂದರೆ ಕೆಂಡ. ಊರಿನ ಹೆಸರಿಗೂ ಜ್ವಾಲಾಮುಖಿಗೂ ಗಂಟು ಹಾಕುವ ಆಸೆಯಾಗುತ್ತದೆ, ಹಾಕುವುದಿಲ್ಲ.

ಕೋಲಾರದ ಚಿನ್ನದ ಬಂಡೆಗಳೂ ಪುರಾತನ ಲಾವಾದ ಸಂತಾನವೇ. ಅಲ್ಲಿ ಮಾತು ತಿರುಗುಮುರುಗಾಯಿತು. ಅದಿರು ತೆಗೆದ ಪೊಳ್ಳಿನ ಸುತ್ತ ಒತ್ತಡ ತಾಳದ ಬಂಡೆ ಸಿಡಿಯುತ್ತಿತ್ತು. ಗಣಿಯವರು ಅದಕ್ಕೆ ‘ಏರ್‌ಬ್ಲಾಸ್ಟ್’ ಎನ್ನುತ್ತಿದ್ದರು. ಮೇಲೆ ಮನೆಗಳು ಅದುರುತ್ತಿದ್ದವು. 2001ರಲ್ಲಿ ಗಣಿ ಮುಚ್ಚಿತು. ಸುರಂಗಗಳಿಗೆ ನೀರು ತುಂಬಿದ ಮೇಲೂ ನೆಲ ಅದುರಿದ್ದುಂಟು.