ಕಡಲೆ, ಹಲ್ಲು ಮತ್ತು ಟೈಟಾನಿಯಂ: ಮದ್ರಾಸು ಹಲ್ಲು ಕಟ್ಟಿಸಿಕೊಂಡ ಕಥೆ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಕನ್ನಡದ ಈ ಗಾದೆಯನ್ನು ಬದುಕಿನ ವ್ಯಂಗ್ಯಕ್ಕೆ ಬಳಸಿ ಬಳಸಿ, ಅದು ನಿಜವಾದ ಹಲ್ಲಿನ ಬಗ್ಗೆಯೂ ಹೇಳುತ್ತಿದೆ ಎಂಬುದು ಮರೆತೇಹೋಗಿದೆ. ಹಲ್ಲು ಹೋದ ಮೇಲೆ ಕಡಲೆ ತಿನ್ನುವ ದಾರಿ ಬಹುಕಾಲ ಇರಲಿಲ್ಲ. ಇಂದು ಚೆನ್ನೈನ ಟಿ. ನಗರ, ಅಡ್ಯಾರ್, ಅಣ್ಣಾನಗರಗಳಲ್ಲಿ ಒಂದೊಂದು ಬೀದಿಗೂ ಒಂದೆರಡು ದಂತ ಚಿಕಿತ್ಸಾಲಯಗಳಿವೆ. ಬಹುಪಾಲು ಫಲಕಗಳ ಮೇಲೆ 'ಇಂಪ್ಲಾಂಟ್' ಎಂಬ ಪದವಿದೆ. ದವಡೆಯ ಮೂಳೆಯೊಳಗೆ ಲೋಹದ ತಿರುಪು ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುವ ವಿದ್ಯೆ ಅದು. ಬೆಂಗಳೂರಿನಿಂದ ರೈಲು ಹತ್ತಿ ಬರುವವರೂ, ವಿದೇಶದಿಂದ ರಜೆಗೆ ಬಂದವರೂ ಅಲ್ಲಿ ಬಾಯಿ ತೆರೆದು ಕೂರುತ್ತಾರೆ. ಈ ಆಯ್ಕೆ ಇಲ್ಲಿಗೆ ಬಂದ ದಾರಿ ಸರಳವಾದುದಲ್ಲ.

ಖಾಲಿ ಜಾಗದ ಕಷ್ಟ

ಹಲ್ಲು ಬಿದ್ದ ಜಾಗ ಖಾಲಿ ಜಾಗವಾಗಿಯೇ ಉಳಿಯುವುದಿಲ್ಲ. ದವಡೆಯಲ್ಲಿ ಹಲ್ಲನ್ನು ಹಿಡಿದಿರುವ ಮೂಳೆ ಹಲ್ಲಿಗಾಗಿಯೇ ಇರುವಂಥದ್ದು. ಅಗಿಯುವ ಒತ್ತಡ ನಿಂತ ಮೇಲೆ ಅದು ಕರಗತೊಡಗುತ್ತದೆ. ಆಂತ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ ಪೂರ್ಣ ದಂತಪಂಕ್ತಿ ಕಟ್ಟಿಸಿಕೊಂಡವರನ್ನು ಇಪ್ಪತ್ತೈದು ವರ್ಷಗಳವರೆಗೆ ಅನುಸರಿಸಿ, 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂಳೆ ಕರಗುವುದು ಮೊದಲ ವರ್ಷದಲ್ಲಿ ಅತಿ ವೇಗ, ಆದರೆ ಅದು ಪೂರ್ತಿ ನಿಲ್ಲುವುದೇ ಇಲ್ಲ; ಕೆಳದವಡೆಯ ಮುಂಭಾಗ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ. ಅಜ್ಜ ಅಜ್ಜಿಯರ ಕೆಳಗಿನ ಹಲ್ಲುಸೆಟ್ಟು ಯಾಕೆ ಸದಾ ಅಲ್ಲಾಡುತ್ತಿತ್ತು, ಊಟಕ್ಕೆ ಕೂತಾಗ ಯಾಕೆ ಅದು ಬಾಯಿಂದ ಲೋಟಕ್ಕೆ ಹೋಗುತ್ತಿತ್ತು ಎಂಬುದಕ್ಕೆ ಉತ್ತರ ಇಲ್ಲಿದೆ. ಹಲ್ಲು ಮಾಡಿದವನ ಕೈಚಳಕ ಕಡಿಮೆಯಾಗಿರಲಿಲ್ಲ. ಅದು ಕೂರಬೇಕಿದ್ದ ನೆಲವೇ ಕುಸಿಯುತ್ತಿತ್ತು.

ಆ ನೆಲದ ಮೇಲೆ ಕೂರಿಸಲು ಮನುಷ್ಯರು ಏನೇನೋ ಪ್ರಯತ್ನಿಸಿದ್ದಾರೆ. ಇಟಲಿಯ ಎಟ್ರಸ್ಕನ್ನರು ಚಿನ್ನದ ಪಟ್ಟಿಯಿಂದ ಹಲ್ಲು ಬಿಗಿದರು. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಬಡವರ ಹಲ್ಲು ಕಿತ್ತು ಸಿರಿವಂತರ ಬಾಯಿಗೆ ನೆಡುತ್ತಿದ್ದರು; ದೊಡ್ಡ ಶಸ್ತ್ರವೈದ್ಯನೆನಿಸಿದ ಜಾನ್ ಹಂಟರ್‌ನೇ ಅದನ್ನು ಬೆಂಬಲಿಸಿದ್ದ. ಗಾದೆಯ ಕಡಲೆಯವನು ಹಲ್ಲಿನವನಿಂದ ಹಲ್ಲನ್ನೇ ಕೊಂಡ ಕಾಲವದು. ಆ ಹಲ್ಲುಗಳು ನಿಲ್ಲಲಿಲ್ಲ, ಜೊತೆಗೆ ರೋಗಗಳನ್ನೂ ತಂದವು. ಹತ್ತೊಂಬತ್ತನೆಯ ಶತಮಾನದ ನಡುವೆ ಗಟ್ಟಿಗೊಳಿಸಿದ ರಬ್ಬರಾದ ವಲ್ಕನೈಟ್ ಬಂದು ದಂತಪಂಕ್ತಿಯ ಬೆಲೆ ಇಳಿಯಿತು. 1930ರ ದಶಕದಲ್ಲಿ ಬಂದ ಅಕ್ರಿಲಿಕ್ ಅದಕ್ಕೆ ವಸಡಿನ ಗುಲಾಬಿ ಬಣ್ಣ ಕೊಟ್ಟಿತು.

ಹೂಬೆಯಿಂದ ಬಂದವರು

ಮದ್ರಾಸಿನಲ್ಲಿ ಹಲ್ಲು ಕಟ್ಟುವ ಕೆಲಸಕ್ಕೆ ಹೆಸರಾದ ಗುಂಪೊಂದು ಬಂದದ್ದು ಚೀನಾದ ಹೂಬೆ ಪ್ರಾಂತ್ಯದಿಂದ. ಕಲ್ಕತ್ತೆಯ ಚೀನೀಯರಲ್ಲಿ ಹಕ್ಕಾ ಜನ ಚರ್ಮ ಹದಮಾಡುವವರಾದರೆ, ಕ್ಯಾಂಟನಿನವರು ಬಡಗಿಗಳು; ಹೂಬೆಯವರು ಹಲ್ಲಿನ ವೈದ್ಯರು, ಕಾಗದದ ಹೂ ಮಾಡುವವರೂ ಹೌದು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅವರಲ್ಲಿ ಕೆಲವು ಕುಟುಂಬಗಳು ಮದ್ರಾಸಿನಲ್ಲಿ ನೆಲೆಯೂರಿದವು. ಅವರು ವಿದ್ಯೆ ಕಲಿತದ್ದು ಕಾಲೇಜಿನಲ್ಲಲ್ಲ, ಅಪ್ಪನ ಪಕ್ಕದಲ್ಲಿ ಕೂತು. ಅಚ್ಚು ತೆಗೆಯುವುದು, ಮೇಣದಲ್ಲಿ ಹಲ್ಲು ಜೋಡಿಸುವುದು, ಉಜ್ಜಿ ಕೂರಿಸುವುದು, ಎಲ್ಲವೂ ಒಂದೇ ಕೋಣೆಯಲ್ಲಿ. ದುಡಿಯುವ ಜನರ ಕೈಗೆಟುಕುವ ದರದಲ್ಲಿ ಹಲ್ಲು ಸಿಗುತ್ತಿದ್ದದ್ದು ಇಂಥ ಕೋಣೆಗಳಲ್ಲೇ.

ಹೊಸ ಸ್ವತಂತ್ರ ದೇಶ ಈ ಲೋಕವನ್ನು ಕಾನೂನಿನೊಳಗೆ ತರಲು ಹೊರಟಿತು. 1948ರ ದಂತವೈದ್ಯರ ಕಾಯ್ದೆ ನೋಂದಣಿ ಪುಸ್ತಕವನ್ನು ಎರಡು ಭಾಗ ಮಾಡಿತು. ಮೊದಲ ಭಾಗ ಪದವಿ ಇದ್ದವರಿಗೆ. ಎರಡನೆಯದು ಪದವಿ ಇಲ್ಲದಿದ್ದರೂ ಕನಿಷ್ಠ ಐದು ವರ್ಷಗಳಿಂದ ಇದೇ ಕಸುಬಿನಿಂದ ಬದುಕುತ್ತಿದ್ದ ಭಾರತೀಯ ಪ್ರಜೆಗಳಿಗೆ. ಕೈಕಸುಬನ್ನು ಒಂದೇ ಏಟಿಗೆ ಅಪರಾಧ ಮಾಡದೆ, ಅದು ತಾನಾಗಿ ಮುಗಿಯಲು ಸಮಯ ಕೊಟ್ಟ ಉಪಾಯವದು. ಮದ್ರಾಸಿನ ಚೀನೀ ಕುಟುಂಬಗಳ ಮುಂದಿನ ತಲೆಮಾರಿನ ಅನೇಕರು ಕಾಲೇಜು ಸೇರಿ ಬಿಡಿಎಸ್ ಪಡೆದರು. ಅಜ್ಜನ ಕೈಯಲ್ಲಿದ್ದ ವಿದ್ಯೆಗೆ ಮೊಮ್ಮಗ ಪ್ರಮಾಣಪತ್ರ ತಂದ.

ಕಾಲೇಜೂ ಆ ಹೊತ್ತಿಗೆ ಬಂದಿತ್ತು. 1835ರಷ್ಟು ಹಳೆಯದಾದ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ 1953ರಲ್ಲಿ ದಂತ ವಿಭಾಗ ತೆರೆಯಿತು. ಅದೇ ಈಗ ಕೋಟೆ ರೈಲು ನಿಲ್ದಾಣದ ಎದುರಿಗಿರುವ ತಮಿಳುನಾಡು ಸರ್ಕಾರಿ ದಂತ ಕಾಲೇಜು. ಕನ್ನಡಿಗರಿಗೆ ಆ ವರ್ಷ ಬೇರೊಂದು ಕಾರಣಕ್ಕೂ ನೆನಪಿರುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸ್ ರಾಜ್ಯದಿಂದ ಮೈಸೂರಿಗೆ ಸೇರಿತು. ದಕ್ಷಿಣ ಕನ್ನಡ 1956ರ ನವೆಂಬರ್‌ವರೆಗೂ ಮದ್ರಾಸಿನಲ್ಲೇ ಉಳಿಯಿತು. ಮಂಗಳೂರಿನವರ ರಾಜಧಾನಿ, ಹೈಕೋರ್ಟು, ದೊಡ್ಡಾಸ್ಪತ್ರೆ ಎಲ್ಲವೂ ಅಲ್ಲಿದ್ದವು. ಹಲ್ಲಿನ ಸರ್ಕಾರಿ ವಿದ್ಯೆಯೂ ಅವರಿಗೆ ಮೊದಲು ಸಿಕ್ಕಿದ್ದು ಅಲ್ಲೇ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಶುರುವಾದದ್ದು 1958ರಲ್ಲಿ, ಮಣಿಪಾಲದ್ದು 1965ರಲ್ಲಿ.

ಮೊಲದ ಕಾಲಿನಿಂದ ಮನುಷ್ಯನ ದವಡೆಗೆ

ಮದ್ರಾಸಿನಲ್ಲಿ ದಂತ ವಿಭಾಗ ತೆರೆಯುವ ಹಿಂದಿನ ವರ್ಷ, 1952ರಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಯುವ ಸಂಶೋಧಕ ಹಲ್ಲಿನ ಯೋಚನೆಯನ್ನೇ ಮಾಡಿರಲಿಲ್ಲ. ಮೂಳೆಯೊಳಗಿನ ರಕ್ತಸಂಚಾರವನ್ನು ನೋಡಲು ಮೊಲದ ಕಾಲಿಗೆ ಟೈಟಾನಿಯಂನ ಪುಟ್ಟ ವೀಕ್ಷಣಾ ಸಾಧನ ಕೂರಿಸಿದ್ದರು. ಪ್ರಯೋಗ ಮುಗಿದು ಅದನ್ನು ತೆಗೆಯಹೋದರೆ ಬರಲಿಲ್ಲ. ಮೂಳೆ ಅದನ್ನು ಹಿಡಿದುಕೊಂಡುಬಿಟ್ಟಿತ್ತು. ಬೇರೆಯವರು ಇದನ್ನು ಹಾಳಾದ ಉಪಕರಣವೆಂದು ಬಗೆದಿರಬಹುದಿತ್ತು. ಬ್ರೋನೆಮಾರ್ಕ್ ಅದರಲ್ಲೇ ಪ್ರಶ್ನೆ ಕಂಡರು.

ದೇಹ ಹೊರಗಿನ ವಸ್ತುವನ್ನು ಕಂಡರೆ ಸಾಮಾನ್ಯವಾಗಿ ಅದರ ಸುತ್ತ ನಾರಿನ ಗೋಡೆ ಕಟ್ಟಿ ಬೇರ್ಪಡಿಸುತ್ತದೆ. ಗಾಳಿ ತಾಗಿದ ಕ್ಷಣದಲ್ಲೇ ಟೈಟಾನಿಯಂ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕೂರುತ್ತದೆ. ಈ ಪದರವನ್ನು ಮೂಳೆಯ ಜೀವಕೋಶಗಳು ಸಹಿಸಿಕೊಂಡು ಅದರ ಮೈಗೆ ತಾಗಿಯೇ ಬೆಳೆಯುತ್ತವೆ. ಈ ಬೆಸುಗೆಗೆ ಬ್ರೋನೆಮಾರ್ಕ್ ಕೊಟ್ಟ ಹೆಸರು ಆಸಿಯೋಇಂಟಿಗ್ರೇಷನ್. ಆದರೆ ಮೂಳೆ ಲೋಹವನ್ನು ಒಪ್ಪಬೇಕಾದರೆ ಷರತ್ತುಗಳಿವೆ. ರಂಧ್ರ ಕೊರೆಯುವಾಗ ಬಿಸಿಯಾಗಬಾರದು. 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಮೂಳೆ ಘಾಸಿಯಾಗುತ್ತದೆ ಎಂದು ಅವರ ಬಳಗದವರೇ ಮುಂದೆ ತೋರಿಸಿದರು. ಆದ್ದರಿಂದ ತಣ್ಣನೆಯ ಉಪ್ಪುನೀರು ಹರಿಸುತ್ತ, ನಿಧಾನವಾಗಿ ಕೊರೆಯಬೇಕು. ಆಮೇಲೆ ಕಾಯಬೇಕು: ಮೂಲ ವಿಧಾನದಲ್ಲಿ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು.

1965ರಲ್ಲಿ ಯೋಸ್ಟಾ ಲಾರ್ಸನ್ ಎಂಬ 34 ವರ್ಷದ ವ್ಯಕ್ತಿ ಮೊದಲ ರೋಗಿಯಾದರು. ಹುಟ್ಟಿನಿಂದಲೇ ಸೀಳಂಗುಳ, ವಿಕಾರಗೊಂಡ ದವಡೆ, ಕೆಳಗೆ ಹಲ್ಲಿಲ್ಲ. ತಿನ್ನುವುದೂ ಮಾತಾಡುವುದೂ ಕಷ್ಟ. ಅವರ ಕೆಳದವಡೆಗೆ ನಾಲ್ಕು ಟೈಟಾನಿಯಂ ತಿರುಪುಗಳನ್ನು ಕೂರಿಸಲಾಯಿತು. 2006ರಲ್ಲಿ ಅವರು ತೀರಿಕೊಳ್ಳುವವರೆಗೂ, ಅಂದರೆ ನಲವತ್ತು ವರ್ಷಕ್ಕೂ ಮಿಗಿಲಾಗಿ, ಅವು ಕೆಲಸ ಮಾಡಿದವು.

ಒಬ್ಬ ಲಾರ್ಸನ್‌ನಿಂದ ವೈದ್ಯಲೋಕ ಒಪ್ಪಲಿಲ್ಲ. ಅದಕ್ಕೆ ಕಾರಣವೂ ಇತ್ತು: ಚಿನ್ನ, ಪ್ಲಾಟಿನಂ, ಕೋಬಾಲ್ಟ್ ಮಿಶ್ರಲೋಹ, ತಗಡಿನಂಥ ಬ್ಲೇಡುಗಳು, ಹೀಗೆ ಹಿಂದಿನವರು ದವಡೆಗೆ ತೂರಿಸಿದ ಹಲವು ಲೋಹಗಳು ಸಡಿಲಾಗಿ, ಕೀವಾಗಿ, ಮೂಳೆಯನ್ನೂ ತಿಂದುಹಾಕಿದ್ದವು. ಹಾಗಾಗಿ ಬ್ರೋನೆಮಾರ್ಕ್ ಬಳಗ ರೋಗಿಗಳನ್ನು ವರ್ಷಗಟ್ಟಲೆ ಅನುಸರಿಸಿ, 1981ರಲ್ಲಿ ಹದಿನೈದು ವರ್ಷಗಳ ಲೆಕ್ಕ ಮುಂದಿಟ್ಟಿತು. 1982ರಲ್ಲಿ ಜಾರ್ಜ್ ಜಾರ್ಬ್ ಟೊರಾಂಟೊದಲ್ಲಿ ಕರೆದ ಸಮ್ಮೇಳನದ ನಂತರ ಉತ್ತರ ಅಮೆರಿಕದ ವಿಶ್ವವಿದ್ಯಾಲಯಗಳು ತಲೆಯಾಡಿಸಿದವು. ಮೊಲದ ಕಾಲಿನಿಂದ ಅಲ್ಲಿಗೆ ಮೂವತ್ತು ವರ್ಷ ಹಿಡಿದಿತ್ತು.

ಸಕ್ಕರೆಯ ಊರಿಗೆ ತಿರುಪು

ಮುಂದಿನ ವರ್ಷಗಳಲ್ಲಿ ಈ ವಿದ್ಯೆ ಭಾರತದ ದೊಡ್ಡ ನಗರಗಳಿಗೆ ಬಂತು. ಮದ್ರಾಸ್ ಅದಕ್ಕೆ ಹದವಾದ ನೆಲವಾಗಿತ್ತು. 1983ರಲ್ಲಿ ಅಪೋಲೊ ಆಸ್ಪತ್ರೆ ಶುರುವಾಗಿ ಖಾಸಗಿ ವೈದ್ಯದ ಹೊಸ ಯುಗ ತೆರೆದಿತ್ತು. 1980ರ ದಶಕದ ಕೊನೆಯಿಂದ ರಾಗಾಸ್, ಸವೀತಾ ಮುಂತಾದ ಖಾಸಗಿ ದಂತ ಕಾಲೇಜುಗಳು ತಲೆ ಎತ್ತಿದವು. 1991ರ ನಂತರ ಆಮದು ಸುಲಭವಾಯಿತು. ಇದರಲ್ಲೊಂದು ವಿಚಿತ್ರವಿದೆ. ಟೈಟಾನಿಯಂನ ಅದಿರಾದ ಇಲ್ಮನೈಟ್ ತಮಿಳುನಾಡಿನ ದಕ್ಷಿಣ ತುದಿಯ ಮಣವಾಳಕುರಿಚಿಯ, ಕೇರಳದ ಚವರದ ಕಡಲತೀರದ ಕಪ್ಪು ಮರಳಿನಲ್ಲಿ ಧಾರಾಳವಾಗಿದೆ. ಆದರೆ ಅದಿರಿನಿಂದ ಲೋಹದ ಸ್ಪಂಜು ತೆಗೆಯುವ ಕಾರ್ಖಾನೆ ಚವರದಲ್ಲಿ ಉದ್ಘಾಟನೆಯಾದದ್ದು 2011ರಲ್ಲಿ, ಅದೂ ಬಾಹ್ಯಾಕಾಶದ ಅಗತ್ಯಕ್ಕಾಗಿ. ಮರಳು ನಮ್ಮದಾಗಿದ್ದರೂ, ದವಡೆಯ ತಿರುಪು ಬಹುಕಾಲ ಪರದೇಶದಿಂದ ಪರದೇಶದ ಬೆಲೆಯಲ್ಲೇ ಬಂತು.

ಬೆಲೆಗಿಂತ ದೊಡ್ಡ ತೊಡಕು ಊರಿನ ರಕ್ತದಲ್ಲಿತ್ತು. ಭಾರತದಲ್ಲಿ ಮಧುಮೇಹವನ್ನು ಮೊದಲು ಗಂಭೀರವಾಗಿ ತೆಗೆದುಕೊಂಡ ನಗರಗಳಲ್ಲಿ ಮದ್ರಾಸ್ ಒಂದು. ಡಾ. ಎಂ. ವಿಶ್ವನಾಥನ್ 1948ರಲ್ಲಿ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಮಧುಮೇಹ ಚಿಕಿತ್ಸಾಲಯ ತೆರೆದರು, 1954ರಲ್ಲಿ ರಾಯಪುರದಲ್ಲಿ ಅದಕ್ಕೆಂದೇ ಆಸ್ಪತ್ರೆ ಕಟ್ಟಿದರು. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಅಂದಾಜಿಸಿದ ಅಧ್ಯಯನವನ್ನು ನಡೆಸಿದ್ದೂ ಚೆನ್ನೈನ ಸಂಶೋಧನಾ ಸಂಸ್ಥೆಯೇ. ಹಿಡಿತ ತಪ್ಪಿದ ಸಕ್ಕರೆ ವಸಡನ್ನು ಸಡಿಲಿಸಿ ಹಲ್ಲು ಕೀಳಿಸುತ್ತದೆ. ಅದೇ ಸಕ್ಕರೆ ಗಾಯ ಮಾಗುವುದನ್ನು ತಡಮಾಡಿ, ಹೊಸ ತಿರುಪಿನ ಸುತ್ತ ಸೋಂಕು ಬೆಳೆಸುತ್ತದೆ. ಅಂದರೆ ಇಂಪ್ಲಾಂಟ್ ಬೇಕಾದವರಲ್ಲಿ ಹಲವರು ಅದಕ್ಕೆ ಸುಲಭದ ರೋಗಿಗಳಲ್ಲ. ಹಾಗೆಂದು ಬಾಗಿಲು ಮುಚ್ಚಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಹಿಡಿತದಲ್ಲಿದ್ದರೆ ಬಹುತೇಕರಲ್ಲಿ ಅದು ನಿಲ್ಲುತ್ತದೆ. ಹೊಗೆಸೊಪ್ಪು ಬಿಡದವರಲ್ಲಿ ಅಪಾಯ ಹೆಚ್ಚು.

ಆರಿಸುವುದು ಎಂದರೆ

ಒಳ್ಳೆಯ ಕೈಯಲ್ಲಿ, ಸರಿಯಾದ ಬಾಯಲ್ಲಿ, ಹತ್ತು ವರ್ಷದ ನಂತರವೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಂಪ್ಲಾಂಟ್‌ಗಳು ಉಳಿದಿರುತ್ತವೆ. ಅದರ ಪಕ್ಕದ ಹಲ್ಲುಗಳನ್ನು ಉಜ್ಜಿ ಚಿಕ್ಕದು ಮಾಡಬೇಕಿಲ್ಲ. ಸೇತುವೆ ಕಟ್ಟಲು ಉಜ್ಜಬೇಕು. ಆದರೆ ಪಕ್ಕದ ಹಲ್ಲುಗಳಿಗೆ ಹೇಗೂ ಟೋಪಿ ಹಾಕಬೇಕಿದ್ದರೆ ಸೇತುವೆಯೇ ಜಾಣತನ. ಒಂದೂ ಹಲ್ಲಿಲ್ಲದವರಿಗೆ ಪ್ರತಿ ಹಲ್ಲಿಗೊಂದು ತಿರುಪು ಬೇಕಿಲ್ಲ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದ್ದು ಇಷ್ಟೇ: ಕೆಳದವಡೆಗೆ ಎರಡು ತಿರುಪು, ಅದರ ಮೇಲೆ ಗುಂಡಿ ಒತ್ತಿದಂತೆ ಕೂರುವ, ತೆಗೆದು ತೊಳೆಯಬಹುದಾದ ಹಲ್ಲುಸೆಟ್ಟು. ಅಲ್ಲಾಡುವ ಸೆಟ್ಟಿನ ಶತಮಾನದ ಸಮಸ್ಯೆಗೆ ಎರಡು ತಿರುಪಿನ ಉತ್ತರ. ಇದು ದುಬಾರಿ ಪೂರ್ಣ ದವಡೆಯಷ್ಟು ಫಲಕಗಳ ಮೇಲೆ ಕಾಣುವುದಿಲ್ಲ.

ಇನ್ನೊಂದು ವಿಷಯ ಕುರ್ಚಿಯಿಂದ ಎದ್ದ ಮೇಲೆ ಬೇಕಾಗುವಂಥದ್ದು. ಒಂದು ಕಂಪನಿಯ ತಿರುಪಿಗೆ ಇನ್ನೊಂದರ ಬಿಡಿಭಾಗ ಸಾಮಾನ್ಯವಾಗಿ ಕೂರುವುದಿಲ್ಲ. ಹದಿನೈದು ವರ್ಷದ ನಂತರ ಬೇರೆ ಊರಿನಲ್ಲಿ ಮೇಲಿನ ಹಲ್ಲು ಮುರಿದರೆ, ಒಳಗಿರುವುದು ಯಾರ ತಿರುಪು, ಯಾವ ಅಳತೆ ಎಂದು ಹೇಳುವ ಚೀಟಿ ರೋಗಿಯ ಬಳಿ ಇರಬೇಕು. ಚೀನೀ ಕುಟುಂಬದ ಹಳೆಯ ಕೋಣೆಯಲ್ಲಿ ಹಲ್ಲು ಮಾಡಿದವನೇ ರಿಪೇರಿಯನ್ನೂ ಮಾಡುತ್ತಿದ್ದ. ಇಂಪ್ಲಾಂಟ್ ಯುಗದಲ್ಲಿ ಆ ಸಂಬಂಧದ ಜಾಗಕ್ಕೆ ಬಂದಿರುವುದು ಆ ಚೀಟಿ.

ಕೋಟೆ ನಿಲ್ದಾಣದ ಎದುರಿನ ಸರ್ಕಾರಿ ಕಾಲೇಜಿಗೆ ಇಂದಿಗೂ ಹಲ್ಲಿಲ್ಲದ ಬಡವರು ಬರುತ್ತಾರೆ. ಮೂಳೆ ಲೋಹವನ್ನು ಒಪ್ಪುವಾಗ ಮನುಷ್ಯನ ಜಾತಿ, ಸಂಬಳ ಕೇಳುವುದಿಲ್ಲ; ಅದು ಕೇಳುವುದು ತಣ್ಣನೆಯ ಕೈ, ಹಿಡಿತದಲ್ಲಿರುವ ಸಕ್ಕರೆ ಮತ್ತು ಕೆಲವು ತಿಂಗಳ ತಾಳ್ಮೆ. ಉಳಿದ ಲೆಕ್ಕವೆಲ್ಲ ಮನುಷ್ಯರದು. ಗಾದೆಯ ಅರ್ಧವನ್ನು ವಿಜ್ಞಾನ ಬಗೆಹರಿಸಿದೆ: ಕಡಲೆ ಇದ್ದವನಿಗೆ ಈಗ ಹಲ್ಲು ಸಿಗುತ್ತದೆ. ಹಲ್ಲೂ ಇಲ್ಲದ, ಕಡಲೆಯೂ ಇಲ್ಲದವನ ವಿಷಯವನ್ನು ಗಾದೆಯೂ ಹೇಳಿರಲಿಲ್ಲ.