ಗಾಳದ ಕೈಗೆ ಟೆನಿಸ್ ನೋವು

ಜನ್ಮದಲ್ಲಿ ಒಮ್ಮೆಯೂ ರಾಕೆಟ್ ಹಿಡಿಯದವರಿಗೂ ‘ಟೆನಿಸ್ ಎಲ್ಬೋ’ ಬರುತ್ತದೆ. ಶಿವಮೊಗ್ಗದಲ್ಲಿ ತುಂಗೆಯ ದಡದಲ್ಲೋ, ಭದ್ರಾವತಿಯಲ್ಲಿ ಭದ್ರೆಯ ಬಂಡೆಯ ಮೇಲೋ ಗಾಳ ಹಿಡಿದು ಭಾನುವಾರದ ಬೆಳಗನ್ನು ಕಳೆಯುವ ಹವ್ಯಾಸಿಗೆ ಒಂದು ದಿನ ಮೊಣಕೈಯ ಹೊರಬದಿಯಲ್ಲಿ ಸಣ್ಣಗೆ ನೋವು ಶುರುವಾಗುತ್ತದೆ. ಮೊದಮೊದಲು ಅದು ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ನೀರು ತುಂಬಿದ ಚೊಂಬು ಎತ್ತುವಾಗ, ಒದ್ದೆ ಬಟ್ಟೆ ಹಿಂಡುವಾಗ, ಬಾಗಿಲ ಹಿಡಿ ತಿರುಗಿಸುವಾಗ ಕೈ ‘ಚಳಕ್’ ಎನ್ನುತ್ತದೆ. ಮನೆಯವರು ಉಳುಕು ಎಂದು ಎಣ್ಣೆ ತಿಕ್ಕುತ್ತಾರೆ. ಕೊನೆಗೆ ವೈದ್ಯರು ಕಾಯಿಲೆಯ ಹೆಸರು ಹೇಳಿದಾಗ ನೋವಿನ ನಡುವೆಯೂ ರೋಗಿಗೆ ನಗು ಬರುತ್ತದೆ.

ಮೀನು ಹಿಡಿಯುವ ಕೈಗೆ ಟೆನಿಸ್ ಆಟದ ಹೆಸರಿನ ನೋವು ಅಂಟಿಕೊಂಡದ್ದು ಹೇಗೆ? ಇದನ್ನು ತಿಳಿಯಲು ಗಾಳದ ಚರಿತ್ರೆಯನ್ನೂ ಮೊಣಕೈಯ ಚರಿತ್ರೆಯನ್ನೂ ಜೊತೆಯಾಗಿ ನೋಡಬೇಕು.

ಅರಸರ ವಿನೋದ

ಹೊಟ್ಟೆಪಾಡಿಗಲ್ಲದೆ ಸಂತೋಷಕ್ಕಾಗಿ ಮೀನು ಹಿಡಿಯುವುದು ಇಂಗ್ಲಿಷರು ತಂದ ಹವ್ಯಾಸ ಎಂಬ ಭಾವನೆ ಹಲವರಲ್ಲಿದೆ. ಅದು ಪೂರ್ತಿ ನಿಜವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಮೀನಿನ ಬಗೆಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳ ಮತ್ತು ದಾರಗಳ ವಿವರ ಅಲ್ಲಿ ಬರುತ್ತದೆ. ಇಂದಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆ ಅದೇ ಚಾಲುಕ್ಯರ ಆಡಳಿತದಲ್ಲಿ ಮೆರೆದ ಪಟ್ಟಣ. ಮೀನು ವಿಜ್ಞಾನಿ ಸುಂದರಲಾಲ್ ಹೋರಾ ಅವರು ಈ ಭಾಗವನ್ನು 1951ರಲ್ಲಿ ವಿದ್ವಾಂಸರ ಗಮನಕ್ಕೆ ತಂದರು.

ಅರಸನಿಗೆ ಗಾಳ ಒಂದು ವಿನೋದ. ಮಲೆನಾಡಿನ ಹಳ್ಳಿಗನಿಗೆ ಅದು ವಿನೋದವೂ ಹೌದು, ಸಾರಿನ ದಾರಿಯೂ ಹೌದು. ಬಿದಿರಿನ ಕೋಲು, ದಾರ, ಬೆಂಡು, ಎರೆಹುಳು ಇಷ್ಟಿದ್ದರೆ ಸಾಕಿತ್ತು. ಕೋಲನ್ನು ದಡದ ಕವೆಗೋಲಿಗೆ ಒರಗಿಸಿ ಬೆಂಡನ್ನು ನೋಡುತ್ತಾ ಕೂರುವುದೇ ಹೆಚ್ಚಿನ ಕೆಲಸ. ಕಣ್ಣಿಗೆ ದುಡಿಮೆ, ಕೈಗೆ ಬಿಡುವು.

ಒಂದೇ ವರ್ಷ, ಎರಡು ಬರಹ

1873ರಲ್ಲಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಇಂಡಿಯಾದ ಹೊಳೆಗಳಲ್ಲಿ ಗಾಳ ಹಾಕುವವರಿಗೆ ಅದು ಬಹುಕಾಲ ಕೈಪಿಡಿಯಾಗಿತ್ತು.

ಅದೇ 1873ರಲ್ಲಿ ಜರ್ಮನಿಯ ರುಂಗೆ ಎಂಬ ವೈದ್ಯ, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯ ಬಗ್ಗೆ ಒಂದು ಲೇಖನ ಪ್ರಕಟಿಸಿದ. ಮೊಣಕೈಯ ಹೊರಗಿನ ಮೂಳೆಯ ಉಬ್ಬಿನ ಬಳಿ ಕಾಣುವ ನೋವನ್ನು ಆತ ಅದರಲ್ಲಿ ವಿವರಿಸಿದ್ದ. ಈ ಕಾಯಿಲೆಯ ಮೊದಲ ವೈದ್ಯಕೀಯ ವಿವರಣೆ ಇದೇ ಎಂದು ಹೇಳಲಾಗುತ್ತದೆ. ಹಾಗೆ ನೋಡಿದರೆ ಇದು ಮೊದಲು ಗುಮಾಸ್ತರ ನೋವು. ಅದಕ್ಕೆ ಲೇಖನಿಯ ಹೆಸರು ಉಳಿಯಬೇಕಿತ್ತು, ಉಳಿಯಲಿಲ್ಲ.

ಮರುವರ್ಷ, 1874ರಲ್ಲಿ, ಇಂಗ್ಲೆಂಡಿನ ಮೇಜರ್ ವಿಂಗ್‌ಫೀಲ್ಡ್ ಲಾನ್ ಟೆನಿಸ್ ಆಟಕ್ಕೆ ಪೇಟೆಂಟ್ ಪಡೆದ. 1877ರಲ್ಲಿ ವಿಂಬಲ್ಡನ್ ಶುರುವಾಯಿತು. ಸ್ಥಿತಿವಂತರ ಹುಲ್ಲಿನಂಗಳಗಳಿಗೆ ಆಟ ಹಬ್ಬಿತು. ಅವರ ಕೈಗಳೂ ನೋಯತೊಡಗಿದವು. 1882ರಲ್ಲಿ ಹೆನ್ರಿ ಮಾರಿಸ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ‘ಲಾನ್ ಟೆನಿಸ್ ತೋಳು’ ಎಂದು ಬರೆದ. 1883ರಲ್ಲಿ ಮತ್ತೊಬ್ಬ ಇಂಗ್ಲಿಷ್ ವೈದ್ಯ ಮೇಜರ್ ‘ಲಾನ್ ಟೆನಿಸ್ ಎಲ್ಬೋ’ ಎಂದ. ಆ ಹೆಸರೇ ನಿಂತಿತು. ವೈದ್ಯರ ಬಳಿಗೆ ಹೋಗಲು ಹಣವೂ ಬಿಡುವೂ ಇದ್ದವರ ಆಟದ ಹೆಸರನ್ನು ಎಲ್ಲರ ನೋವಿಗೂ ಇಟ್ಟಂತಾಯಿತು.

ಬಿದಿರಿನಿಂದ ರೀಲಿಗೆ

ಅತ್ತ ಗಾಳವೂ ಬದಲಾಗುತ್ತಿತ್ತು. 1905ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಸ್ಥಿರ ಸುರುಳಿಯ ರೀಲಿಗೆ ಪೇಟೆಂಟ್ ಪಡೆದ. ಎರಡನೆಯ ಮಹಾಯುದ್ಧದ ನಂತರ ಗಾಜಿನ ನಾರಿನ ಕೋಲುಗಳು, 1970ರ ದಶಕದಲ್ಲಿ ಕಾರ್ಬನ್ ನಾರಿನ ಕೋಲುಗಳು ಬಂದವು. ಗಾಳವನ್ನು ಕಾಲ ಬುಡದಲ್ಲಿ ಇಳಿಬಿಡುವ ಬದಲು ಹೊಳೆಯ ನಡುವಿಗೆ ಬೀಸಿ ಎಸೆಯುವುದು, ಸುತ್ತಿ ಎಳೆಯುವುದು, ಮತ್ತೆ ಎಸೆಯುವುದು ರೂಢಿಯಾಯಿತು. ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿ ಹೊಳೆಯಲ್ಲಿ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದದ್ದು ಇಂದಿಗೂ ಹವ್ಯಾಸಿಗಳ ಬಾಯಲ್ಲಿದೆ. ಆದರೆ ಕೈಯನ್ನು ಕೆಡಿಸುವುದು ಇಂಥ ಒಂದು ದೊಡ್ಡ ಮೀನಲ್ಲ. ಮೀನೇ ಸಿಗದ ದಿನ ಎಸೆದ ನೂರಾರು ಎಸೆತ.

ಇದರ ಮರ್ಮ ಸರಳ. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳೆಲ್ಲ ಮೊಣಕೈಯ ಹೊರಬದಿಯ ಮೂಳೆಯ ಒಂದು ಸಣ್ಣ ಉಬ್ಬಿಗೆ ರಜ್ಜುಗಳ ಮೂಲಕ ಅಂಟಿಕೊಂಡಿವೆ. ಮುಷ್ಟಿಯನ್ನು ಬಿಗಿಯಾಗಿ ಹಿಡಿದಾಗಲೆಲ್ಲ ಮಣಿಕಟ್ಟು ಬಾಗದಂತೆ ಇವು ಬಿಗಿದು ನಿಲ್ಲಬೇಕು. ಕೋಲಿನ ಹಿಡಿಯನ್ನು ಗಂಟೆಗಟ್ಟಲೆ ಅಮುಕಿ ಹಿಡಿದು, ಭಾರದ ಸೀಸದ ಗುಂಡನ್ನು ಮಣಿಕಟ್ಟಿನ ಜಟಕಿಯಿಂದಲೇ ಬೀಸುವವನು ಆ ಕಾಸಗಲದ ಜಾಗದ ಮೇಲೆ ದಿನವಿಡೀ ಭಾರ ಹೇರುತ್ತಾನೆ. ವಾರದ ಐದಾರು ದಿನ ಕುರ್ಚಿಯಲ್ಲಿ ಕೂತು, ಒಂದೇ ದಿನ ಹೀಗೆ ದುಡಿಸಿದರೆ ಮೂವತ್ತೈದು ದಾಟಿದ ರಜ್ಜು ತಾಳುವುದು ಕಷ್ಟ. ನೂರಕ್ಕೆ ಒಬ್ಬರಿಂದ ಮೂವರಿಗೆ ಈ ನೋವು ಬರುತ್ತದೆಂಬುದು ವೈದ್ಯಲೋಕದ ಅಂದಾಜು. ಅವರಲ್ಲಿ ಹೆಚ್ಚಿನವರು ಟೆನಿಸ್ ಆಡುವವರಲ್ಲ.

ಮದ್ದಿನ ಹಾದಿ

ನೋವಿನ ಹೆಸರಿನಂತೆ ಮದ್ದೂ ದಾರಿ ತಪ್ಪಿದ್ದುಂಟು. ಮೊದಲಿಗೆ ಕೈಕಟ್ಟಿ ಕೂರಿಸುವುದೇ ಚಿಕಿತ್ಸೆಯಾಗಿತ್ತು. 1928ರಲ್ಲಿ ಮಿಲ್ಸ್ ಎಂಬ ವೈದ್ಯ ಮೊಣಕೈಯನ್ನು ಥಟ್ಟನೆ ನೀಡಿ ಬಿಡಿಸುವ ವಿಧಾನ ಸೂಚಿಸಿದ. 1950ರ ದಶಕದಲ್ಲಿ ಕಾರ್ಟಿಸೋನ್ ಚುಚ್ಚುಮದ್ದು ಬಂದಾಗ ಅದೇ ರಾಮಬಾಣ ಎನಿಸಿತು. ಚುಚ್ಚಿದ ಕೆಲವೇ ದಿನಗಳಲ್ಲಿ ನೋವು ಮಾಯ!

ಅನುಮಾನ ಬಂದದ್ದು ನಂತರ. 1979ರಲ್ಲಿ ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ನಿರ್ಶಲ್ ಮತ್ತು ಸಹೋದ್ಯೋಗಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ರಜ್ಜಿನ ಚೂರುಗಳನ್ನು ಕುರಿತು ಬರೆದರು. ಎಲ್ಲರೂ ನಂಬಿದ್ದ ಉರಿಯೂತ ಅಲ್ಲಿ ಮುಖ್ಯವಾಗಿ ಕಾಣಲಿಲ್ಲ. ಕಂಡದ್ದು, ಸವೆದ ಹಗ್ಗವನ್ನು ಅರೆಬರೆ ಹೊಸೆದು ಬಿಟ್ಟಂಥ ಕೆಟ್ಟ ದುರಸ್ತಿ. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 198 ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದರು. ಆರು ವಾರಕ್ಕೆ ಚುಚ್ಚುಮದ್ದಿನ ಗುಂಪೇ ಮುಂದಿತ್ತು. ವರ್ಷ ಕಳೆಯುವ ಹೊತ್ತಿಗೆ ಅವರಲ್ಲೇ ನೋವು ಹೆಚ್ಚಾಗಿ ಮರುಕಳಿಸಿತ್ತು. ವ್ಯಾಯಾಮ ಮಾಡಿದವರೂ, ಸಲಹೆ ಪಡೆದು ಸುಮ್ಮನೆ ಕಾದವರೂ ಅವರಿಗಿಂತ ಚೆನ್ನಾಗಿದ್ದರು.

ನಮ್ಮ ನಾಡಿನ ಮನೆಮನೆಗೆ ಈ ಕಾಯಿಲೆಯ ಹೆಸರು ಪರಿಚಯವಾದದ್ದು ಸಚಿನ್ ತೆಂಡೂಲ್ಕರ್ ಅವರಿಂದ. 2004ರಲ್ಲಿ ಅವರನ್ನು ಕಾಡಿದ ಮೊಣಕೈ ನೋವಿಗೆ 2005ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಶ್ರೀಲಂಕಾ ವಿರುದ್ಧ 93 ರನ್ ಹೊಡೆದು ಮರಳಿದರು. ಆದರೆ ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವರಿಗೆ ಮಾತ್ರ. ಹೆಚ್ಚಿನವರಲ್ಲಿ ವರ್ಷ, ಒಂದೂವರೆ ವರ್ಷದೊಳಗೆ ನೋವು ತಾನಾಗಿಯೇ ಇಳಿಯುತ್ತದೆ.

ಗಾಳ ಬಿಡಬೇಕೆ?

ಒಂದೂವರೆ ವರ್ಷ ಎಂಬ ಮಾತು ಕೇಳಿಯೇ ಗಾಳದ ಹವ್ಯಾಸಿ ಕಂಗಾಲಾಗುತ್ತಾನೆ. ಎರಡು ಮಳೆಗಾಲ ಹೊಳೆಯಿಂದ ದೂರ ಉಳಿಯುವುದೆಂದರೆ ಜೊತೆಗೂಡುವ ಗೆಳೆಯರನ್ನೂ, ಮನಸ್ಸಿನ ವಿಶ್ರಾಂತಿಯನ್ನೂ ಕಳೆದುಕೊಂಡಂತೆ. ವೈದ್ಯಶಾಸ್ತ್ರದ ಇಂದಿನ ತಿಳಿವಳಿಕೆ ಅಷ್ಟು ನಿಷ್ಠುರವಾಗಿಲ್ಲ. ರಜ್ಜು ಬಲಗೊಳ್ಳಲು ಅದಕ್ಕೆ ಅಳತೆಯ ಕೆಲಸವೂ ಬೇಕು. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಸಣ್ಣ ಭಾರವೊಂದನ್ನು ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಎತ್ತಿ, ನೋಯುವ ಕೈಯಿಂದಲೇ ನಿಧಾನ ಇಳಿಸುವುದು ಇದಕ್ಕೆ ಹೇಳಿಕೊಡುವ ಮುಖ್ಯ ವ್ಯಾಯಾಮ. ನೋವು ಸಹಿಸುವಷ್ಟರಲ್ಲೇ ಇರಬೇಕು, ತಿಂಗಳುಗಟ್ಟಲೆ ನಡೆಯಬೇಕು. ಬೆರಳು ಜೋಮು ಹಿಡಿದರೆ, ಕುತ್ತಿಗೆಯಿಂದ ನೋವು ಇಳಿದರೆ ಅದು ಬೇರೆ ಕಾಯಿಲೆಯಿರಬಹುದು, ವೈದ್ಯರಿಗೆ ತೋರಿಸಲೇಬೇಕು.

ದಡದ ಮೇಲಿನ ಕ್ರಮವೂ ಬದಲಾಗಬೇಕು. ಹಗುರ ಕೋಲು, ದಪ್ಪ ಹಿಡಿ, ಸಣ್ಣ ಗುಂಡು. ಎಸೆಯುವಾಗ ಮೊಣಕೈ ಮೈಗೆ ಹತ್ತಿರವಿರಲಿ, ಎರಡೂ ಕೈ ಸೇರಲಿ, ಬಲ ಭುಜದಿಂದ ಬರಲಿ. ಬುಟ್ಟಿ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ. ಎಸೆತದ ನಡುವೆ ಕೋಲನ್ನು ಊರುಗೋಲಿನ ಮೇಲಿಡಿ. ಅಂಗಡಿಯಲ್ಲಿ ಮಾರುವ ಲೋಹದ ಆಸರೆ ಮಾಡುವ ಕೆಲಸವನ್ನೇ ಹಳ್ಳಿಯ ಕವೆಗೋಲು ಹಿಂದಿನಿಂದಲೂ ಮಾಡುತ್ತಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಗಾಳದವನು ಬೇಕೆಂದರೆ ಎರಡು ವಾರ ಮನೆಯಲ್ಲಿ ಕೂರಬಹುದು. ಭದ್ರಾವತಿ 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಕಾರ್ಖಾನೆಯಿಂದ ಬೆಳೆದ ಊರು. ಸುತ್ತಿಗೆ, ಸ್ಪ್ಯಾನರ್ ಹಿಡಿದು ಬದುಕಿದ ಕೈಗಳ ಊರು. ಶಿವಮೊಗ್ಗದ ಸುತ್ತ ಸುಗ್ಗಿಯಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿಯುವ ಹೆಂಗಸರಿದ್ದಾರೆ. ಬಿಗಿಮುಷ್ಟಿಯಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವವರಿಗೆ ಈ ನೋವಿನ ಭಯ ಹೆಚ್ಚು. ಅವರಿಗೆ ಕೈ ಬಿಡುವು ಎಂದರೆ ಕೂಲಿ ಬಿಡುವು. ಹೊಳೆಯ ದಡದಲ್ಲಿ ಹವ್ಯಾಸಿ ಕಲಿತ ಉಪಾಯಗಳಾದ ದಪ್ಪ ಹಿಡಿ, ಹಗುರ ಉಪಕರಣ, ನಡುನಡುವೆ ವಿರಾಮಗಳು ಮೊದಲು ತಲುಪಬೇಕಾದದ್ದು ಅವರಿಗೆ. ಅವರಲ್ಲಿ ಬಹಳಷ್ಟು ಮಂದಿಗೆ ತಮ್ಮ ಉಳುಕಿಗೆ ಒಂದು ಹೆಸರಿದೆ, ಅದಕ್ಕೆ ಮದ್ದೂ ಇದೆ ಎಂಬುದೇ ತಿಳಿದಿರುವುದಿಲ್ಲ.